ಕೂದಲೆಳೆಯಷ್ಟು ಬೇಗ

ನಮ್ಮ ಭಾವ ಕೂತು ಊಟ ಮಾಡಿದ್ದನ್ನು ನಾನು ಎರಡೇ ಸಲ ನೋಡಿರುವುದು. ಒಂದು ಅವರ ಮದುವೆಯ ದಿನ, ಇನ್ನೊಂದು ಅವರು ಕಾಲು ಮುರಿದುಕೊಂಡಿದ್ದ ತಿಂಗಳು. ಮಿಕ್ಕಂತೆ ತಟ್ಟೆ ಕೈಯಲ್ಲಿ, ಒಂದು ಕಾಲು ಹೊಸಿಲ ಒಳಗೆ, ಒಂದು ಕಾಲು ಹೊರಗೆ. ನಮ್ಮಕ್ಕ ಮೊದಮೊದಲು ಬೈದಳು, ಆಮೇಲೆ ಅತ್ತಳು, ಕೊನೆಗೆ ಊಟದ ಮೇಜಿನಿಂದ ಒಂದು ಕುರ್ಚಿ ಎಳೆದುಕೊಂಡು ಹೋಗಿ ತನ್ನ ಹೊಲಿಗೆ ಮಷೀನಿನ ಮುಂದೆ ಹಾಕಿಕೊಂಡಳು. ಭಾವನಿಗೆ ಅಂಡು ಸುಟ್ಟ ಬೆಕ್ಕು ಎಂದು ನಾನು ಹೆಸರಿಟ್ಟು ಇಪ್ಪತ್ತಾರು ವರ್ಷವಾಯಿತು. ಎದುರಿಗೇ ಕರೆಯುತ್ತೇನೆ. ನಾದಿನಿಗೆ ಅಷ್ಟೂ ಹಕ್ಕಿಲ್ಲದಿದ್ದರೆ ನಾದಿನಿಯಾಗಿ ಏನು ಸುಖ?

ಅವರದು ಲಿಫ್ಟ್ ರಿಪೇರಿಯ ಕೆಲಸ. ಮೇಲೆ ಕೆಳಗೆ ಓಡಾಡುವುದನ್ನೇ ಕಸುಬು ಮಾಡಿಕೊಂಡವರು ಮನೆಯಲ್ಲಿ ಸುಮ್ಮನಿರುತ್ತಾರೆ ಎಂದುಕೊಂಡದ್ದು ನಮ್ಮ ಅಪ್ಪನ ತಪ್ಪು. ಆದರೆ ಕೆಲಸದಲ್ಲಿ ಎತ್ತಿದ ಕೈ. ಮಾಳಿಗೆಯ ಮೇಲಿನ ಮೋಟರ್ ಕೋಣೆಗೆ ಹೋಗಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಯಾವ ಬೇರಿಂಗು ಸವೆದಿದೆ ಎಂದು ಬಿಚ್ಚದೆಯೇ ಹೇಳಿಬಿಡುತ್ತಾರೆ. ಹೇಳಿದ್ದು ಇದುವರೆಗೆ ಸುಳ್ಳಾಗಿಲ್ಲ ಎನ್ನುತ್ತಾರೆ ಅವರ ಜೊತೆಯವರು. ಹೀಗಾಗಿ ಕಿವಿಯ ವಿಷಯದಲ್ಲಿ ಭಾವನಿಗೆ ಸ್ವಲ್ಪ ಅಹಂಕಾರ. ಸ್ವಲ್ಪ ಎಂದದ್ದು ಅಕ್ಕನ ಮುಖ ನೋಡಿ.

ಮನೆಯ ಮುಂದಿನ ಕೋಣೆ ಪೂರ್ತಿ ರೆಕಾರ್ಡುಗಳದು. ಗೋಡೆಗೆ ಆತುಕೊಂಡು ಸಾವಿರದ ನೂರಕ್ಕೂ ಮೇಲೆ ಕಪ್ಪು ತಟ್ಟೆಗಳು, ಎಲ್ಲವೂ ಜಾಝ್. ರೆಕಾರ್ಡ್ ತಿರುಗಿಸುವ ಮಷೀನು ಕೂತಿರುವುದು ಹಳೆಯ ಲಿಫ್ಟೊಂದರ ತೂಕದ ಕಬ್ಬಿಣದ ಮೇಲೆ. ನಾಲ್ಕು ಜನ ಸೇರಿ ಹೊತ್ತು ತಂದದ್ದು ಅದು. ಭಾವ ಕೋಣೆಯಲ್ಲಿ ದಡಬಡ ಓಡಾಡುವಾಗ ನೆಲ ಅಲುಗಿ ಮುಳ್ಳು ಹಾರಬಾರದಲ್ಲ, ಅದಕ್ಕೆ. ಓಡಾಡುವುದನ್ನು ನಿಲ್ಲಿಸಬಹುದಿತ್ತು ಎಂಬ ಯೋಚನೆ ಆ ತಲೆಗೆ ಬರಲಿಲ್ಲ.

ಅವರಂಥ ಒಂಬತ್ತು ಜನರ ಗುಂಪೊಂದು ಫೋನಿನಲ್ಲಿದೆ. ಹೆಸರು 'ಈಗ ತಿರುಗುತ್ತಿದೆ'. ಹಲ್ಲಿನ ಡಾಕ್ಟರು, ಗಣಿತದ ಮೇಷ್ಟ್ರು, ಹೂವಿನ ಅಂಗಡಿಯವಳು, ಹೀಗೆ ಬೇರೆ ಬೇರೆ ಊರಿನವರು. ದಿನಕ್ಕೊಬ್ಬರಾದರೂ ತಾವು ಕೇಳುತ್ತಿರುವ ರೆಕಾರ್ಡಿನ ಹೊದಿಕೆಯನ್ನು ಮಷೀನಿನ ಪಕ್ಕ ಇಟ್ಟು ಫೋಟೋ ಹಾಕಬೇಕು, ಕೆಳಗೆ ಮೂರೇ ಸಾಲು ಬರೆಯಬೇಕು. ಕೇಳದೆ ಫೋಟೋ ಹಾಕಿದವರಿಗೆ ಒಂದು ವಾರ ಬಹಿಷ್ಕಾರ. ಕೆಲಸವಿಲ್ಲದ ಬಡಗಿ ಏನೋ ಕೆತ್ತಿದ ಎಂದು ನಾನು ಮೊದಲು ನಕ್ಕಿದ್ದೆ. ಆಮೇಲೆ ಆ ಮೂರು ಸಾಲು ಬರೆದುಕೊಡುವವಳು ನಾನೇ ಆದೆ. ಭಾವ ಬರೆದರೆ ಲಿಫ್ಟಿನೊಳಗಿನ ಸೂಚನೆ ಇದ್ದ ಹಾಗೆ ಇರುತ್ತದೆ: 'ಡ್ರಮ್ ಚೆನ್ನಾಗಿದೆ. ತುತ್ತೂರಿ ಜೋರು. ಧನ್ಯವಾದ.' ನನ್ನ ಕನ್ನಡಕದ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆ. ಭಾವ ಫೋನಿನಲ್ಲಿ ಗಡಿಬಿಡಿಯಿಂದ ಹೇಳುತ್ತಿದ್ದರು, ನಾನು ಅದಕ್ಕೆ ಕೈ ಕಾಲು ಕೊಟ್ಟು ಬರೆದು ಅವರ ಹೆಸರಿನಲ್ಲಿ ಹಾಕುತ್ತಿದ್ದೆ. ಗುಂಪಿನವರು ಭಾವನ ಬರವಣಿಗೆಯನ್ನು ಹೊಗಳುತ್ತಿದ್ದರು. ಭಾವ ಒಂದು ದಿನವೂ ಅಲ್ಲಗಳೆಯಲಿಲ್ಲ.

ಇಷ್ಟೆಲ್ಲ ಇದ್ದೂ ಅವರು ಒಂದು ರೆಕಾರ್ಡನ್ನು ಪೂರ್ತಿ ಕೇಳುವವರಲ್ಲ. ಮೊದಲ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಮುಳ್ಳೆತ್ತಿ ಇನ್ನೊಂದು ಹಾಕುವ ಚಟ. ಒಂದನ್ನು ಬಿಟ್ಟು. ಅದನ್ನು ಗುಂಪಿನವರು 'ಬೀಗದ ಕೈ ರೆಕಾರ್ಡ್' ಎನ್ನುತ್ತಾರೆ, ಹೊದಿಕೆಯ ಮೇಲೆ ಹೋಟೆಲೊಂದರ ಕೋಣೆಗಳ ಬೀಗದ ಕೈಗಳು ಸಾಲಾಗಿ ನೇತಾಡುವ ಚಿತ್ರವಿದೆ. ಯಾವುದೋ ಬಂದರಿನ ಹೋಟೆಲಿನಲ್ಲಿ ಸಂಜೆ ನುಡಿಸುತ್ತಿದ್ದ ಮೂವರು ಸೇರಿ ಒಂದು ಕಾಲದಲ್ಲಿ ಇನ್ನೂರೇ ಪ್ರತಿ ಮಾಡಿಸಿದ್ದು. ಅದರ ಎರಡನೆಯ ಮಗ್ಗುಲಿನಲ್ಲಿ ಪಿಯಾನೋದವನು ಒಬ್ಬನೇ ನುಡಿಸಿದ್ದೊಂದಿದೆ. ಏಳು ವರ್ಷದ ಹಿಂದೆ ಆ ರೆಕಾರ್ಡ್ ಸಿಕ್ಕಾಗಿನಿಂದ ದಿನಾ ಕೆಲಸಕ್ಕೆ ಹೊರಡುವ ಮುಂಚೆ ಅದೊಂದನ್ನು ಭಾವ ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದರು. ನಿಂತುಕೊಂಡೇ. ಸರಿಯಾಗಿ ಐದು ನಿಮಿಷ. ಅಕ್ಕ ಅಷ್ಟರಲ್ಲಿ ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದಳು.

ಗುಂಪಿನಲ್ಲಿ ಆ ರೆಕಾರ್ಡ್ ಇದ್ದದ್ದು ಇನ್ನೊಬ್ಬರ ಹತ್ತಿರ ಮಾತ್ರ, ಹಡಗಿನಜ್ಜನ ಹತ್ತಿರ. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಗುಂಪಿಗೆಲ್ಲ ಹಿರಿಯರು, ಮಾತು ಕಡಿಮೆ, ನಮ್ಮೂರಿನ ಆಚೆ ತುದಿಯಲ್ಲೇ ಮನೆ. ಭಾವನೂ ಅವರೂ ಭಾನುವಾರ ಒಬ್ಬರ ಮನೆಗೊಬ್ಬರು ಹೋಗುವಷ್ಟು ಸ್ನೇಹ. ಅಜ್ಜ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುವುದು, ಭಾವ ಅವರ ಸುತ್ತ ಗಿರಕಿ ಹೊಡೆಯುವುದು. ಅವರ ಮುಂದೆ ಮಾತ್ರ ಭಾವ ಮುಳ್ಳು ಎತ್ತುತ್ತಿರಲಿಲ್ಲ. ತಂದೆಯನ್ನು ಬೇಗ ಕಳೆದುಕೊಂಡ ಮನುಷ್ಯ. ಅಜ್ಜನನ್ನು ಎಷ್ಟು ಹಚ್ಚಿಕೊಂಡಿದ್ದರು ಎಂದು ನನಗೆ ಗೊತ್ತು.

ಜಗಳ ಆರು ವರ್ಷದ ಹಿಂದಿನದು. ಒಂದು ದಿನ ಅಜ್ಜ ಗುಂಪಿನಲ್ಲಿ ಬೀಗದ ಕೈ ರೆಕಾರ್ಡ್ ಹಾಕಿ, 'ಐದು ನಿಮಿಷ ಹನ್ನೆರಡು ಸೆಕೆಂಡ್ ಲೋಕ ನಿಂತಿತ್ತು' ಎಂದು ಬರೆದರು. ಭಾವ ತಕ್ಷಣ ನನಗೆ ಫೋನ್ ಮಾಡಿದರು.

"ಐದೇ ನಿಮಿಷ ಇರೋದು ಅದು. ಹನ್ನೆರಡು ಸೆಕೆಂಡ್ ಎಲ್ಲಿಂದ ಬಂತು?"

ಹನ್ನೆರಡು ಸೆಕೆಂಡಿಗೆ ಯಾರು ಜಗಳ ಆಡುತ್ತಾರೆ? ಇವರು ಆಡುತ್ತಾರೆ. ಒಂದೇ ಹಾಡನ್ನು ಎರಡು ಸಲ ನುಡಿಸಿ, ಕೆಲವು ಪ್ರತಿಗಳಲ್ಲಿ ಒಂದು, ಕೆಲವು ಪ್ರತಿಗಳಲ್ಲಿ ಇನ್ನೊಂದು ಹೋಗಿರುವುದು ಈ ಲೋಕದಲ್ಲಿ ಉಂಟಂತೆ. ಅಂಥ ಪ್ರತಿ ಕೈಗೆ ಸಿಕ್ಕಿದೆ ಎಂದರೆ ಇವರಿಗೆ ನಿಧಿ ಸಿಕ್ಕ ಹಾಗೆ. ಎರಡು ಮೂರು ದಿನ ವಾದ ನಡೆಯಿತು. ಭಾವನದು ಚುರುಕು, ಅಜ್ಜನದು ಮಂದ, ಯಾವುದು ಮೂಲ? ಯಾರೋ, ಅಜ್ಜ, ನಿಮ್ಮ ಮಷೀನು ಹಳೆಯದು, ನಿಧಾನ ಓಡುತ್ತಿರಬೇಕು ಎಂದರು. ಅಜ್ಜ ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಿ ಹೇಳಿದರು. ಮೂವತ್ತಮೂರು, ಮೇಲೆ ಮೂರನೇ ಒಂದು ಸುತ್ತು. ಇರಬೇಕಾದ್ದು ಅಷ್ಟೇ. "ನೀನೂ ಒಂದ್ಸಲ ಎಣಿಸಿ ನೋಡಯ್ಯ" ಎಂದು ಭಾವನಿಗೆ ಹೇಳಿದರು.

ಭಾವ ಎಣಿಸಲಿಲ್ಲ. ಎಣಿಸಬೇಕಾದರೆ ಒಂದು ನಿಮಿಷ ಮಷೀನಿನ ಮುಂದೆ ಅಲುಗಾಡದೆ ನಿಲ್ಲಬೇಕಲ್ಲ! "ಲಿಫ್ಟಿನ ಮೋಟರನ್ನ ಕಿವಿಯಲ್ಲಿ ಅಳೆಯೋನಿಗೆ ಇದೊಂದು ಗಿರಗಿಟ್ಲೆ ಎಣಿಸೋಕೆ ಹೇಳ್ತಾರೆ" ಎಂದು ನನ್ನ ಹತ್ತಿರ ಗೊಣಗಿದರು. ಮಷೀನಿನ ವಿಷಯದಲ್ಲಿ ಗುಂಪಿಗೆ ಭಾವನ ಮಾತೇ ವೇದವಾಕ್ಯ. ಅದಕ್ಕೆ ಎರಡು ವರ್ಷ ಮುಂಚೆ, ಬೀಗದ ಕೈ ರೆಕಾರ್ಡ್ ಸಿಗುವ ಮೊದಲೇ, ಅವರ ಮಷೀನಿನ ತಟ್ಟೆ ತಿರುಗಿಸುವ ಮೋಟರಿನ ಪ್ಲಾಸ್ಟಿಕ್ ಗಾಲಿ ಸೀಳಿಹೋಗಿ, ತಮ್ಮ ಕಾರ್ಖಾನೆಯ ಲೇತಿನಲ್ಲಿ ಹಿತ್ತಾಳೆಯ ಗಾಲಿ ಕಡೆದು ಹಾಕಿಕೊಂಡಿದ್ದರು. ಹಾಕಿದ ಮೇಲೆ ಹಾಡುಗಳಿಗೆಲ್ಲ ಜೀವ ಬಂತು ಎಂದು ಕುಣಿದಾಡಿದ್ದರು. ಗುಂಪಿನ ಇಬ್ಬರು ತಮಗೂ ಮಾಡಿಸಿಕೊಂಡಿದ್ದರು.

ನಾಲ್ಕನೆಯ ದಿನ ಭಾವ ನನಗೆ ಹೇಳಿದ್ದು ಇಷ್ಟು: "ಅಜ್ಜಂದು ಅಸಲಿ ಅಲ್ವೇನೋ ಅನ್ಸುತ್ತೆ, ಯಾರೋ ಆಮೇಲೆ ಟೇಪಿಂದ ಎತ್ತಿ ಮಾಡಿರಬೇಕು, ಹಾಗಂತ ಸೂಕ್ಷ್ಮವಾಗಿ ಬರಿ." ನಾನು ಗಿರಾಕಿಯೊಬ್ಬರ ಕನ್ನಡಕಕ್ಕೆ ಸ್ಕ್ರೂ ಹಾಕುತ್ತಿದ್ದೆ. ಸೂಕ್ಷ್ಮಕ್ಕೆ ಪುರುಸೊತ್ತಿರಲಿಲ್ಲ. 'ಹಿರಿಯರ ಬಗ್ಗೆ ಗೌರವವಿದೆ. ಆದರೆ ನಿಮ್ಮ ಪ್ರತಿ ನಕಲಿ. ನಿಮಗೆ ಕೊಟ್ಟವರು ನಿಮ್ಮನ್ನು ಏಮಾರಿಸಿದ್ದಾರೆ' ಎಂದು ಬರೆದು ಹಾಕಿದೆ. ಓದಿದಾಗ ಚೆನ್ನಾಗಿದೆ ಅನಿಸಿತ್ತು.

ಅಜ್ಜ ಎರಡು ದಿನ ಏನೂ ಬರೆಯಲಿಲ್ಲ. ಮೂರನೆಯ ದಿನ, 'ನೀನು ಹೇಳಿದ ಮೇಲೆ ಇರಬಹುದು' ಎಂದು ಬರೆದು ಗುಂಪು ಬಿಟ್ಟರು. ಫೋನ್ ಎತ್ತಲಿಲ್ಲ. ಎರಡು ಭಾನುವಾರ ಭಾವ ಹೋಗಿ ಬಾಗಿಲು ತಟ್ಟಿ ಬಂದರು. ಆಮೇಲೆ, "ಸತ್ಯ ಹೇಳಿದ್ರೆ ಎದೆಗೆ ಒದ್ದ ಹಾಗೆ ಆಗುತ್ತೆ ಜನಕ್ಕೆ" ಎನ್ನುತ್ತಾ ಭಾನುವಾರಗಳಲ್ಲೂ ಕೆಲಸಕ್ಕೆ ಹೋಗತೊಡಗಿದರು. ಮೊದಲೇ ನಿಲ್ಲದ ಕಾಲು, ಅಲ್ಲಿಂದಾಚೆ ನೆಲಕ್ಕೇ ತಾಗಲಿಲ್ಲ.

ಈ ವರ್ಷ ಗುಂಪಿಗೆ ಹೊಸಬಳೊಬ್ಬಳು ಸೇರಿದಳು. ಪಿಯಾನೋಗಳಿಗೆ ಶ್ರುತಿ ಮಾಡುವ ಹೆಂಗಸು. ಶಾಲೆಯೊಂದರ ಪಿಯಾನೋ ಸರಿಮಾಡಲು ನಮ್ಮೂರಿಗೆ ಬಂದವಳು ಬೀಗದ ಕೈ ರೆಕಾರ್ಡ್ ಕೇಳಬೇಕೆಂದು ಭಾವನ ಮನೆಗೆ ಬಂದಳು. ನಾನೂ ಇದ್ದೆ. ಭಾವ ಮದುವಣಿಗನ ಹಾಗೆ ಹೊಸ ಅಂಗಿ ಹಾಕಿಕೊಂಡು ಮುಳ್ಳಿಟ್ಟರು. ಆಕೆ ಅರ್ಧ ನಿಮಿಷ ಕೇಳಿದಳು, ಚೀಲದಿಂದ ಶ್ರುತಿ ನೋಡುವ ಎರಡು ಹಲ್ಲಿನ ಉಕ್ಕಿನ ಕವೆ ತೆಗೆದು ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿದಳು.

"ಈ ಪಿಯಾನೋದ ಶ್ರುತಿ ಇರಬೇಕಾದ್ದಕ್ಕಿಂತ ಮೇಲೇ ಇದೆಯಲ್ಲ" ಎಂದಳು.

"ಹಳೇ ಹೋಟೆಲ್ ಪಿಯಾನೋ ಅಲ್ವಾ" ಎಂದರು ಭಾವ.

"ಹಳೇದಾದ್ರೆ ಶ್ರುತಿ ಇಳಿಯುತ್ತೆ ಸಾರ್, ಏರಲ್ಲ. ಇಷ್ಟು ಎಳೆದು ಕಟ್ಟಿದ್ರೆ ತಂತಿ ಕಿತ್ತು ಹೋಗುತ್ತೆ. ಬೇರೆ ಯಾವ್ದಾದ್ರೂ ಹಾಕಿ."

ಬೇರೆ ಹಾಕಿದರು. ಕವೆ ಬಡಿದಳು. ಅದೂ ಮೇಲಿತ್ತು. ಮೂರನೆಯದು ಹಾಕಿದರು. ಅದೂ ಅಷ್ಟೇ.

"ಪ್ರಪಂಚದ ಪಿಯಾನೋಗಳೆಲ್ಲ ಮಾತಾಡಿಕೊಂಡು ಒಂದೇ ಸಮ ಏರಿದ್ವಾ?" ಎಂದು ಆಕೆ ನಕ್ಕಳು. ಪಾಪ, ಆಕೆಗೆ ಏನೂ ಗೊತ್ತಿಲ್ಲ.

ಭಾವ ನಗಲಿಲ್ಲ. ಅಕ್ಕ ಒಳಗಿನಿಂದ ಹೊಲಿಗೆಯ ದಾರದ ತುಂಡು ತಂದು ತಟ್ಟೆಯ ಅಂಚಿಗೆ ಅಂಟಿಸಿದಳು. ನಾನು ಗಡಿಯಾರ ಹಿಡಿದೆ, ಅವಳು ಎಣಿಸಿದಳು. ಮೂವತ್ತನಾಲ್ಕು, ಮೇಲೆ ಅರ್ಧಕ್ಕಿಂತ ಜಾಸ್ತಿ. ಇನ್ನೊಮ್ಮೆ ಎಣಿಸಿದಳು. ಅಷ್ಟೇ. ಭಾವನ ಹಿತ್ತಾಳೆಯ ಗಾಲಿ ಇರಬೇಕಾದ್ದಕ್ಕಿಂತ ನಾಲ್ಕು ಕೂದಲೆಳೆ ದಪ್ಪ; ಅದು ದಪ್ಪವಾದಷ್ಟೂ ತಟ್ಟೆ ಬೇಗ ತಿರುಗುತ್ತದೆ. ಎಂಟು ವರ್ಷದಿಂದ ಆ ಮನೆಯಲ್ಲಿ ಎಲ್ಲ ಹಾಡೂ ನೂರಕ್ಕೆ ನಾಲ್ಕು ಪಾಲು ಬೇಗ ಓಡಿತ್ತು. ಐದು ನಿಮಿಷ ಹನ್ನೆರಡು ಸೆಕೆಂಡ್ ಐದು ನಿಮಿಷವಾಗಿತ್ತು. ಅಜ್ಜನ ಪ್ರತಿಯೂ ಭಾವನ ಪ್ರತಿಯೂ ಒಂದೇ.

ಆಕೆ ಹೋದ ಮೇಲೆ ಅಕ್ಕ ಹೇಳಿದಳು, "ಹೋಗಿ ಹೇಳ್ಬಿಟ್ಟು ಬನ್ನಿ."

ಭಾವ ಹೋಗಲಿಲ್ಲ. ಮಾರನೆಯ ದಿನ ಗಾಲಿಯನ್ನು ಲೇತಿಗೆ ಕೊಟ್ಟು ಸರಿಯಾದ ಅಳತೆಗೆ ಕಡೆದು ತಂದರು, ಹಾಕಿದರು, ಕೇಳಿದರು, ಅರ್ಧಕ್ಕೆ ಎತ್ತಿದರು. ಬೆಳಗಿನ ಐದು ನಿಮಿಷವೂ ನಿಂತಿತು. ಹನ್ನೊಂದು ದಿನ ಆ ಮನುಷ್ಯ ಬೋನಿನಲ್ಲಿ ಸಿಕ್ಕಿದ ಇಲಿಯ ಹಾಗೆ ತಿರುಗಾಡಿದರು. ಬೂಟು ಹಾಕಿಕೊಂಡು ಬಾಗಿಲವರೆಗೆ ಹೋಗಿ ವಾಪಸು ಬಂದು ಬಿಚ್ಚುವುದು, ಮತ್ತೆ ಹಾಕುವುದು. ಗುಂಪಿನವರು ಯಾಕೆ ಏನೂ ಹಾಕಿಲ್ಲ ಎಂದು ಕೇಳಿದರೆ ಜ್ವರ ಎಂದು ಬರೆಯಲು ನನಗೆ ಹೇಳಿದರು. ನನಗೂ ನೆಮ್ಮದಿ ಇರಲಿಲ್ಲ. ಕಣ್ಣಿನ ಅಳತೆ ತಪ್ಪು ಬರೆದುಕೊಂಡು ಒಬ್ಬರಿಗೆ ಇನ್ನೊಬ್ಬರ ಗಾಜು ಹಾಕಿಕೊಟ್ಟೆ. ಆ 'ನಕಲಿ' ನನ್ನ ಕೈಯದು ಎನ್ನುವುದು ಭಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ನಾನು ಹೆದರಿದ್ದೆ, ಅಷ್ಟೇ.

ಹನ್ನೆರಡನೆಯ ದಿನ ಮಧ್ಯಾಹ್ನ ಅವರು ಅಂಗಡಿಗೆ ಬಂದರು. ಕಂಕುಳಲ್ಲಿ ಬೀಗದ ಕೈ ರೆಕಾರ್ಡ್.

"ಕಾರು ತೆಗಿ. ನಾನು ಓಡಿಸಿದ್ರೆ ಎಲ್ಲಾದ್ರೂ ಗುದ್ತೀನಿ."

"ಏನು ಹೇಳ್ತೀರಾ ಅವರಿಗೆ?"

"ಗೊತ್ತಿಲ್ಲ. ಬೇಗ ತೆಗಿ, ಇಲ್ದಿದ್ರೆ ಮನಸ್ಸು ಬದಲಾಗುತ್ತೆ."

ಅಜ್ಜನ ಮನೆ ನಾಲ್ಕನೆಯ ಮಹಡಿ. ಲಿಫ್ಟು ಕೆಟ್ಟಿತ್ತು, ಬಾಗಿಲಿಗೆ ಹಗ್ಗ ಕಟ್ಟಿದ್ದರು. ಕೆಟ್ಟ ಲಿಫ್ಟಿನ ಮುಂದೆ ಭಾವ ನಿಲ್ಲದೆ ಹೋದದ್ದನ್ನು ಅವತ್ತು ಮೊದಲ ಸಲ ನೋಡಿದೆ. ಎರಡೆರಡು ಮೆಟ್ಟಿಲು ಹಾರಿಕೊಂಡು ಹತ್ತಿದರು, ಮೇಲೆ ಹೋಗಿ ಬಾಗಿಲ ಮುಂದೆ ಕಲ್ಲಿನ ಹಾಗೆ ನಿಂತುಬಿಟ್ಟರು. ಕೊನೆಗೆ ಗಂಟೆ ಒತ್ತಿದವಳು ನಾನು.

ಅಜ್ಜ ಬಾಗಿಲು ತೆರೆದರು. ಎಂಬತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಭಾವನನ್ನು ನೋಡಿದರು, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ, ಬಾಗಿಲು ಬಿಟ್ಟು ಒಳಗೆ ನಡೆದರು. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಗೋಡೆಯಲ್ಲಿ ಅಳತೆಯ ಪ್ರಕಾರ ಸಾಲಾಗಿ ಐದು ಚಾಕು. ಮೊದಲು ಮಷೀನು ಇರುತ್ತಿದ್ದ ಜಾಗದಲ್ಲಿ ಬ್ರೆಡ್ಡಿನ ಡಬ್ಬಿ ಇತ್ತು. ರೆಕಾರ್ಡುಗಳ ಕಪಾಟಿನಲ್ಲಿ ಪಾತ್ರೆಗಳಿದ್ದವು. ಭಾವನ ಕಣ್ಣು ಆ ಕಡೆಯೇ ನೋಡುತ್ತಿತ್ತು.

"ನಿಮ್ಮದು ಅಸಲಿ" ಎಂದರು ಭಾವ, ನಿಂತಲ್ಲಿಂದಲೇ. "ನಂದೂ ನಿಮ್ಮದೂ ಒಂದೇ. ನನ್ನ ಮಷೀನು ಜೋರಾಗಿ ಓಡ್ತಿತ್ತು. ನಾನು ಮಾಡಿದ ಗಾಲಿ. ಎಣಿಸು ಅಂದ್ರಿ, ಎಣಿಸ್ಲಿಲ್ಲ."

ಅಜ್ಜ ಒಲೆ ಆರಿಸಿದರು. "ಎಷ್ಟು ಜೋರು?"

"ನೂರಕ್ಕೆ ನಾಲ್ಕು."

"ಅಷ್ಟೇನಾ" ಎಂದರು ಅಜ್ಜ.

ನನಗೆ ತಡೆಯಲಾಗಲಿಲ್ಲ. "ಅಜ್ಜ, ನಕಲಿ ಅಂತ..." ಎಂದು ಬಾಯಿ ತೆರೆದೆ.

"ಬರೆದಿದ್ದು ನಾನೇ" ಎಂದರು ಭಾವ, ನನ್ನ ಕಡೆ ತಿರುಗದೆ.

"ಅವಳೇ ಬರೀತಿದ್ದದ್ದು ಅಂತ ನನಗೆ ಮೊದಲಿಂದ ಗೊತ್ತು" ಎಂದರು ಅಜ್ಜ. "ನಿನಗೆ ಮೂರು ಸಾಲು ಬರೆಯೋವಷ್ಟು ತಾಳ್ಮೆ ಎಲ್ಲಿದೆ? ಆದ್ರೆ ಅಭಿಪ್ರಾಯ ನಿಂದು. ನಿನ್ನ ಕಿವಿ ಅಂತ ನಂಬಿದೆ."

ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅಜ್ಜ ಮಂಚದ ಮೇಲೆ ಕೂತು ನಿಧಾನವಾಗಿ ಹೇಳಿದರು. ಒಂದು ಕಾಲದಲ್ಲಿ ಅವರ ಹಡಗು ಕೆಟ್ಟು ಆ ಬಂದರಿನಲ್ಲಿ ನಾಲ್ಕು ತಿಂಗಳು ನಿಂತಿತ್ತು. ಹೋಟೆಲಿನ ಪಿಯಾನೋದವನಿಗೂ ಇವರಿಗೂ ಒಂದೇ ವಯಸ್ಸು. ಇವರು ದಿನಾ ಸಂಜೆ ಹಡಗಿನ ಅಡುಗೆಮನೆಯಿಂದ ಊಟ ಕಟ್ಟಿಕೊಂಡು ಹಿಂಬಾಗಿಲಿಗೆ ಹೋಗುವುದು, ಅವನು ಉಂಡು ಕೈ ತೊಳೆದು ಇವರೊಬ್ಬರಿಗೇ ನುಡಿಸುವುದು. ಹಡಗು ಹೊರಡುವ ದಿನ ಅವನು ರೆಕಾರ್ಡ್ ತಂದು ಕೊಟ್ಟ. ಎರಡನೆಯ ಮಗ್ಗುಲಿನಲ್ಲಿ ಒಬ್ಬನೇ ನುಡಿಸಿದ್ದು ನಿನಗೋಸ್ಕರ ಎಂದಿದ್ದ.

"ನಿಮಗೆ ಕೊಟ್ಟವರು ಏಮಾರಿಸಿದ್ದಾರೆ ಅಂದ್ರಲ್ಲ ನೀವು" ಎಂದರು ಅಜ್ಜ. "ಕೊಟ್ಟೋನು ಅವನೇ. ನನಗೂ ಅನುಮಾನ ಬಂತು. ಅಸಲಿನ ಯಾರಿಗೋ ಕೊಟ್ಕೊಂಡು, ಅಡುಗೆಯವನಿಗೆ ಏನು ತಿಳಿಯುತ್ತೆ ಅಂತ ಇದನ್ನ ದಾಟಿಸಿದ ಅಂತ. ಹಳೇ ಪೇಪರಿನವನಿಗೆ ಎಲ್ಲಾ ಎತ್ತಿ ಕೊಟ್ಟೆ, ಮಷೀನೂ ಸೇರಿಸಿ."

ಅಜ್ಜ ದಿಂಬಿನ ಕೆಳಗಿನಿಂದಲ್ಲ, ಪೆಟ್ಟಿಗೆಯಿಂದಲ್ಲ, ಮಸಾಲೆ ಡಬ್ಬಿಗಳ ಹಿಂದಿನಿಂದ ಒಂದು ಕಾಗದ ತೆಗೆದು ಕೊಟ್ಟರು. ಅಡುಗೆಯವರು ಎಲ್ಲವನ್ನೂ ಅಲ್ಲೇ ಇಡುವುದು. ಮೂರು ವರ್ಷದ ಹಿಂದೆ ಬಂದದ್ದಂತೆ. ನಡುಗುವ ಅಕ್ಷರ. ಹೋಟೆಲು ಕೆಡವಿದರು, ನನ್ನ ಹತ್ತಿರ ಒಂದು ಪ್ರತಿಯೂ ಉಳಿದಿಲ್ಲ, ನಿನ್ನ ಹತ್ತಿರ ಇದ್ದರೆ ಫೋನಿನಲ್ಲಾದರೂ ಒಂದು ಸಲ ಕೇಳಿಸುತ್ತೀಯಾ, ನಾನು ಹೇಗೆ ನುಡಿಸುತ್ತಿದ್ದೆ ಎಂದು ಮರೆತುಹೋಗಿದೆ ಎಂದು ಬರೆದಿತ್ತು. ಕೆಳಗೆ ಫೋನ್ ನಂಬರ್.

"ಏನು ಬರೆದ್ರಿ ವಾಪಸು?" ಎಂದು ಕೇಳಿದೆ.

"ಬರೀಲಿಲ್ಲ. ಮೋಸ ಮಾಡಿದ್ದಲ್ದೆ ಅಣಕಿಸ್ತಾನೆ ಅನ್ನಿಸ್ತು."

ಭಾವ ಆಗಲೇ ತಮ್ಮ ಫೋನ್ ತೆಗೆದು ನಂಬರ್ ಒತ್ತುತ್ತಿದ್ದರು. "ಸ್ವಲ್ಪ ತಾಳು" ಎಂದರು ಅಜ್ಜ, ಜೀವನದಲ್ಲಿ ಮೊದಲ ಸಲ ಅವರ ದನಿಯಲ್ಲಿ ಹೆದರಿಕೆ ಕೇಳಿದೆ. ಭಾವನಿಗೆ ತಾಳುವುದು ಎಲ್ಲಿ ಗೊತ್ತು? ಅಷ್ಟರಲ್ಲಿ ಅತ್ತ ಗಂಟೆ ಹೊಡೆಯುತ್ತಿತ್ತು. ಎಲ್ಲರಿಗೂ ಕೇಳುವ ಹಾಗೆ ಮಾಡಿ ಫೋನನ್ನು ಮುಂದೆ ಹಿಡಿದರು. ಹೆಂಗಸೊಬ್ಬಳು ಎತ್ತಿದಳು. ಭಾವ ಪಿಯಾನೋದವರನ್ನು ಕೇಳಿದರು.

"ಅಪ್ಪ ಹೋಗಿ ಒಂದೂವರೆ ವರ್ಷ ಆಯ್ತು. ತಾವು ಯಾರು?"

ಭಾವ ಫೋನನ್ನು ಅಜ್ಜನ ಕಡೆ ಚಾಚಿದರು. ಅಜ್ಜ ಎದ್ದು ಬಂದು ಫೋನಿನ ಹತ್ತಿರ ಬಗ್ಗಿದರು.

"ನಾನಮ್ಮ, ಹಡಗಿನ ಅಡುಗೆಯವನು."

"ನೀವು ಇದ್ದೀರಾ?" ಎಂದಳು ಅವಳು. "ಕಾಗದಕ್ಕೆ ಉತ್ತರ ಬರ್ಲಿಲ್ಲ. ಅವನು ಬದುಕಿದ್ರೆ ಬರೀದೆ ಇರೋನಲ್ಲ, ಹೋಗ್ಬಿಟ್ಟ ಅಂತ ಅಪ್ಪ ಎರಡು ದಿನ ಊಟ ಮಾಡ್ಲಿಲ್ಲ. ನಿಮಗೋಸ್ಕರ ತುಂಬಾ ಅತ್ರು."

ಅಜ್ಜ ಗೋಡೆಗೆ ಕೈ ಕೊಟ್ಟು ನಿಂತರು. ಒಂದು ಸುಳ್ಳು ಹೇಳಬಹುದಿತ್ತು. ಕಾಯಿಲೆಯಾಗಿತ್ತು, ಕಾಗದ ಸಿಗಲಿಲ್ಲ, ಏನಾದರೂ. ಇಲ್ಲವೇ ಎದುರಿಗೆ ನಿಂತಿದ್ದ ಭಾವನನ್ನು ತೋರಿಸಬಹುದಿತ್ತು. "ಕಾಗದ ಬಂದಿತ್ತಮ್ಮ" ಎಂದರು. "ನಾನೇ ಬರೀಲಿಲ್ಲ. ತಪ್ಪಾಯ್ತು."

ಅವಳು ಯಾಕೆಂದು ಕೇಳಲಿಲ್ಲ. ತಾನು ಹುಟ್ಟುವಷ್ಟರಲ್ಲಿ ಅಪ್ಪ ಪಿಯಾನೋ ಮಾರಿದ್ದರು, ಅವರು ನುಡಿಸಿದ್ದನ್ನು ತಾನು ಒಂದು ದಿನವೂ ಕೇಳಿಲ್ಲ, ಊಟದ ಮೇಜಿನ ಮೇಲೆ ಬೆರಳಲ್ಲಿ ಬಾರಿಸುತ್ತಿದ್ದುದನ್ನು ನೋಡಿರುವುದು ಅಷ್ಟೇ ಎಂದಳು. ರೆಕಾರ್ಡ್ ಇದೆಯಾ ಎಂದು ಕೇಳಿದಳು.

"ಇದೆ" ಎಂದರು ಭಾವ. "ಒಂದು ಗಂಟೆ ಬಿಟ್ಟು ಮಾಡ್ತೀವಿ. ಎಲ್ಲೂ ಹೋಗ್ಬೇಡಿ."

ಅಜ್ಜ ಚಪ್ಪಲಿ ಹಾಕಿಕೊಂಡರು. ನಾಲ್ಕು ಮಹಡಿ ಇಳಿಯುವಾಗ ಭಾವ ಕೈ ಹಿಡಿಯಲು ಹೋದರೆ ಕೊಡವಿದರು, ನನ್ನ ಹೆಗಲಿನ ಮೇಲೆ ಕೈಯಿಟ್ಟು ಇಳಿದರು. ಕಾರಿನಲ್ಲಿ ಭಾವ ಹಿಂದಿನಿಂದ, ಈ ರೆಕಾರ್ಡ್ ಇನ್ನು ನಿಮ್ಮದೇ, ಮಷೀನೂ ತಂದುಕೊಡುತ್ತೇನೆ, ಗುಂಪಿನಲ್ಲಿ ಎಲ್ಲ ಬರೆಯುತ್ತೇನೆ, ಗಾಲಿ ಮಾಡಿಸಿಕೊಂಡ ಇಬ್ಬರಿಗೂ ಹೇಳುತ್ತೇನೆ ಎಂದು ಒಂದೇ ಸಮನೆ ಹೇಳುತ್ತಿದ್ದರು. ಅಜ್ಜ ಕಿಟಕಿಯಾಚೆ ನೋಡುತ್ತಿದ್ದರು. "ಗುಂಪಿಗೆ ವಾಪಸು ಬರ್ತೀರಾ?" ಎಂದು ಭಾವ ಕೇಳಿದಾಗ ಮಾತ್ರ, "ಇಲ್ಲ" ಎಂದರು.

ಅಕ್ಕ ಬಾಗಿಲು ತೆರೆದು ಅಜ್ಜನನ್ನು ನೋಡಿ, ಏನೂ ಕೇಳದೆ ತನ್ನ ಹೊಲಿಗೆ ಕುರ್ಚಿ ತಂದು ಹಾಕಿದಳು. ಭಾವ ಮಷೀನಿಗೆ ದಾರ ಅಂಟಿಸಿ, ಗಡಿಯಾರ ನೋಡಿಕೊಂಡು, ನಮ್ಮೆಲ್ಲರ ಮುಂದೆ ತಾವೇ ಒಂದು ನಿಮಿಷ ಎಣಿಸಿದರು. ಸರಿಯಿತ್ತು. ಫೋನ್ ಮಾಡಿದರು, ಮುಳ್ಳಿಟ್ಟರು, ಫೋನನ್ನು ಸ್ಪೀಕರಿನ ಮುಂದೆ ಹಿಡಿದು ನಿಂತರು.

ನನಗೆ ಈ ಸಂಗೀತ ಅಷ್ಟಕ್ಕಷ್ಟೇ. ಆದರೆ ಏಳು ವರ್ಷ ಕೇಳಿ ಕೇಳಿ ಕಿವಿಗೆ ಅಂಟಿದ್ದು ಇದೊಂದು, ಈಗ ಕೇಳಿದ್ದು ಅದಲ್ಲವೇ ಅಲ್ಲ ಎನ್ನುವಷ್ಟು ಬೇರೆಯಾಗಿತ್ತು. ಒಂದು ಸ್ವರ ನುಡಿಸಿ ಅದು ಆರುವವರೆಗೆ ಕಾಯುತ್ತಿದ್ದ ಆ ಮನುಷ್ಯ. ಮೊದಲು ಆ ಕಾಯುವಿಕೆ ಕೇಳಿಸುತ್ತಿರಲಿಲ್ಲ. ಎರಡನೆಯ ನಿಮಿಷಕ್ಕೆ ಭಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದರು. ನಾನು ಹಿಡಿಯುತ್ತೇನೆ ಎಂದು ಕೈಚಾಚಿದೆ, ಕೊಡಲಿಲ್ಲ. ಅಜ್ಜ ಕಣ್ಣು ತೆರೆದೇ ಕೇಳಿದರು, ತಿರುಗುವ ತಟ್ಟೆಯನ್ನೇ ನೋಡುತ್ತಾ. ಮುಗಿದಾಗ ಫೋನಿನಲ್ಲಿ ಅವಳ ಉಸಿರು ಕೇಳಿಸಿತು.

"ಮೇಜಿನ ಮೇಲೆ ಬಾರಿಸ್ತಿದ್ದದ್ದು ಹೀಗೇ" ಎಂದಳು. "ಇನ್ನೊಂದ್ಸಲ ಹಾಕ್ತೀರಾ?"

ಭಾವ ಮತ್ತೆ ಮುಳ್ಳಿಟ್ಟರು. ಎರಡನೆಯ ಸಲ ಅದು ಅರ್ಧಕ್ಕೆ ಬಂದಿತ್ತು, ಆಗ ಅಜ್ಜ ತಲೆ ಎತ್ತಿ, ಫೋನಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದರು.

"ಈಗ ಹೇಗಿದೆ ನಿನಗೆ?"

ಚೆನ್ನಾಗಿದೆ ಎನ್ನಬಹುದಿತ್ತು. ಕಣ್ಣು ತುಂಬಿಕೊಂಡಿದ್ದರೂ ನಮ್ಮ ಭಾವನಿಗೆ ಸುಳ್ಳು ಹೇಳಲು ಬರಲಿಲ್ಲ.

"ನಿಧಾನ ಅನ್ಸುತ್ತೆ ಅಜ್ಜ."

"ಅನ್ಸಲಿ ಬಿಡು" ಎಂದರು ಅಜ್ಜ. "ಅವನು ನುಡಿಸಿದ್ದು ನಿನಗೋಸ್ಕರ ಅಲ್ಲ."